ಮುಂದೆ ಹೋದ ದಂಡು: ಆಧುನಿಕ ಕಲೆಯಲ್ಲಿ ಅವಾಂಗಾರ್ಡ್

1926ರಲ್ಲಿ ನ್ಯೂಯಾರ್ಕ್ ಬಂದರಿಗೆ ಪ್ಯಾರಿಸ್ ಕಡೆಯಿಂದ ಕೆಲವು ಪೆಟ್ಟಿಗೆಗಳು ಬಂದಿಳಿದವು. ಸುಂಕದ ಅಧಿಕಾರಿಗಳು ಒಂದನ್ನು ಬಿಚ್ಚಿ ನೋಡಿದರು. ಒಳಗಿದ್ದದ್ದು ಕನ್ನಡಿಯಂತೆ ಹೊಳೆಯುವ ಕಂಚಿನ ಒಂದು ಉದ್ದನೆಯ ವಸ್ತು. ಬುಡದಲ್ಲಿ ಸಪೂರ, ನಡುವೆ ತುಸು ಉಬ್ಬು, ತುದಿ ಓರೆಯಾಗಿ ಕೊಯ್ದ ಹಾಗೆ. ಇದು ಹಕ್ಕಿ ಅಂತೆ. ರೆಕ್ಕೆ ಇಲ್ಲ, ಕೊಕ್ಕಿಲ್ಲ, ಕಾಲಿಲ್ಲ, ಒಂದು ಪುಕ್ಕ ಕೂಡ ಇಲ್ಲ. ಅಮೆರಿಕದ ಕಾನೂನಿನ ಪ್ರಕಾರ ಕಲಾಕೃತಿಗೆ ಸುಂಕವಿಲ್ಲ, ಲೋಹದ ಸರಕಿಗೆ ಶೇಕಡಾ 40 ಸುಂಕ. ಅಧಿಕಾರಿಗಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅದನ್ನು ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಸುಂಕ ಜಡಿದರು.

ಶಿಲ್ಪಿ ಕಾನ್‌ಸ್ಟಾಂಟಿನ್ ಬ್ರಾಂಕೂಸಿ ಕೋರ್ಟಿಗೆ ಹೋದ. ಹಕ್ಕಿಯನ್ನು ಕೊಂಡಿದ್ದವನು ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್; ಅವನೂ ಸಾಕ್ಷಿಕಟ್ಟೆ ಹತ್ತಿದ. ಕಾಡಿನಲ್ಲಿ ಇದನ್ನು ಕಂಡರೆ ಹಕ್ಕಿ ಎಂದು ಗುಂಡು ಹಾರಿಸುತ್ತೀರಾ ಎನ್ನುವ ಧಾಟಿಯ ಪ್ರಶ್ನೆಗಳನ್ನು ಅವನಿಗೆ ಕೇಳಲಾಯಿತು. ನೀವು ನಗುತ್ತಿದ್ದೀರಿ. ಆದರೆ ಆ ಪ್ರಶ್ನೆ ಮೂರ್ಖತನದ್ದಲ್ಲ. ಅಲ್ಲಿಯವರೆಗೆ ಅಮೆರಿಕದ ಸುಂಕದ ಕಾನೂನಿಗೆ ಶಿಲ್ಪ ಎಂದರೆ ನಿಸರ್ಗದಲ್ಲಿರುವ ರೂಪದ ಅನುಕರಣೆ. ಆ ಲೆಕ್ಕದಲ್ಲಿ ನ್ಯಾಯಾಧೀಶರು ಕೇಳಿದ್ದು ಸರಿಯಾಗಿಯೇ ಇತ್ತು. 1928ರ ನವೆಂಬರಿನಲ್ಲಿ ತೀರ್ಪು ಬಂತು: ವಸ್ತುಗಳನ್ನು ಅನುಕರಿಸದೆ ಭಾವನೆಯನ್ನು ರೂಪಿಸುವ ಹೊಸ ಪಂಥವೊಂದು ಹುಟ್ಟಿಕೊಂಡಿದೆ, ಅದು ನಮಗೆ ಹಿಡಿಸಲಿ ಬಿಡಲಿ, ಅದು ಇದೆ ಎನ್ನುವುದನ್ನು ಒಪ್ಪಲೇಬೇಕು. ಹಕ್ಕಿ ಸುಂಕವಿಲ್ಲದೆ ಹಾರಿಹೋಯಿತು.

ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅವಾಂಗಾರ್ಡ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ವಿಚಿತ್ರವಾದ, ತಲೆಬುಡ ತಿಳಿಯದ ಚಿತ್ರ. ಹಾಗಾಗಿ ನಾವು ಕೇಳುವ ಮೊದಲ ಪ್ರಶ್ನೆ ‘ಇದೂ ಒಂದು ಕಲೆಯೇ?’ ಎಂಬುದು. ಆ ಸುಂಕದ ಕಟ್ಟೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಎದ್ದು ನಿಂತಿತ್ತು. ಇದು ಕಲೆ, ಇದು ಪಾತ್ರೆ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಅಕಾಡೆಮಿಯ ಕೈಯಲ್ಲಾ, ಸರ್ಕಾರದ ಕೈಯಲ್ಲಾ, ಮ್ಯೂಸಿಯಮ್ಮಿನ ಕೈಯಲ್ಲಾ, ಕೊಳ್ಳುವವನ ಕೈಯಲ್ಲಾ, ಮಾಡಿದವನ ಕೈಯಲ್ಲಾ? ನನ್ನ ಮಟ್ಟಿಗೆ ಅವಾಂಗಾರ್ಡ್ ಎಂದರೆ ಆ ಅಧಿಕಾರದ ಜೊತೆ ನಡೆದ ಜಗಳ. ಶೈಲಿಗಳೆಲ್ಲ ಆ ಜಗಳದಲ್ಲಿ ಕೈಗೆ ಸಿಕ್ಕ ಕಲ್ಲು ದೊಣ್ಣೆಗಳು.

ಪದವೇ ಜಗಳದ ಪದ. ಫ್ರೆಂಚ್ ಸೈನ್ಯದ ಮಾತು ಅದು: ಮುಖ್ಯ ಸೈನ್ಯಕ್ಕಿಂತ ಮುಂದೆ ಹೋಗುವ ಸಣ್ಣ ತುಕಡಿ. ನಮ್ಮ ಹಳೆಯ ಕಾವ್ಯಗಳಲ್ಲಿ ಸೇನೆಯ ಮುಂಭಾಗಕ್ಕೆ ‘ಚೂಣಿ’ ಎನ್ನುತ್ತಾರಲ್ಲ, ಅದೇ. ಮುಂಚೂಣಿ ಎಂಬ ಮಾತು ಇವತ್ತಿಗೂ ಬಳಕೆಯಲ್ಲಿದೆ, ಯುದ್ಧದ ವಾಸನೆ ಮಾತ್ರ ಹೋಗಿದೆ. ಆ ತುಕಡಿಯ ಕೆಲಸವನ್ನು ಸ್ವಲ್ಪ ಊಹಿಸಿಕೊಳ್ಳಿ. ದಾರಿ ನೋಡಬೇಕು, ಸೇತುವೆ ಭಾರ ತಡೆಯುತ್ತದೆಯೇ ಎಂದು ದಾಟಿ ನೋಡಬೇಕು, ಮೊದಲ ಗುಂಡು ತಾವೇ ತಿನ್ನಬೇಕು. ಗೆದ್ದ ಊರಿನೊಳಗೆ ಮೆರವಣಿಗೆ ಹೋಗುವುದು ಹಿಂದಿನಿಂದ ಬರುವ ದೊಡ್ಡ ಸೈನ್ಯ. ಇನ್ನೊಂದನ್ನೂ ಗಮನಿಸಿ: ಮುಂದೆ ಎಂದರೆ ಯಾವ ಕಡೆ ಎನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಈ ಪದ ಹೊತ್ತು ತಂದ ತೊಂದರೆಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಕಲೆಗೆ ಈ ಪದವನ್ನು ತಗುಲಿಸಿದವರು ಕಲಾವಿದರಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1825ರಲ್ಲಿ ಸೇಂಟ್ ಸಿಮೋನ್ ಎಂಬ ಸಮಾಜ ಚಿಂತಕನ ಬಳಗ ಒಂದು ಸಂವಾದವನ್ನು ಪ್ರಕಟಿಸಿತು. ಅದನ್ನು ಬರೆದವನು ಶಿಷ್ಯ ಓಲಾಂದ್ ರೊಡ್ರಿಗ್ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದರಲ್ಲಿ ಒಬ್ಬ ಕಲಾವಿದ, ಒಬ್ಬ ವಿಜ್ಞಾನಿ, ಒಬ್ಬ ಉದ್ಯಮಿ ಕೂತು ಮಾತಾಡುತ್ತಾರೆ. ಹೊಸ ಸಮಾಜದ ಕಡೆಗಿನ ನಡಿಗೆಯಲ್ಲಿ ನಾವೇ ಮುಂಚೂಣಿ ಪಡೆ ಎನ್ನುತ್ತಾನೆ ಕಲಾವಿದ, ಏಕೆಂದರೆ ಜನರ ಮನಸ್ಸಿಗೆ ಬೇಗ ತಲುಪುವ ಆಯುಧಗಳು ನಮ್ಮ ಹತ್ತಿರ ಇವೆ. ಅಂದರೆ ಹುಟ್ಟುವಾಗ ಅವಾಂಗಾರ್ಡ್‌ಗೂ ಹೊಸ ಶೈಲಿಗೂ ಸಂಬಂಧವೇ ಇರಲಿಲ್ಲ. ಹಳೆಯ ಶೈಲಿಯಲ್ಲೇ ಬರೆದು ಹೊಸ ಸಮಾಜದ ಪರ ನಿಂತರೆ ಸಾಕಾಗಿತ್ತು. ಕವಿ ಬೋದಿಲೇರ್‌ಗೆ ಈ ಪದ ಕಂಡರೆ ಆಗುತ್ತಿರಲಿಲ್ಲ. ಫ್ರೆಂಚರಿಗೆ ಸೈನ್ಯದ ರೂಪಕಗಳ ಮೇಲೆ ಇಷ್ಟೊಂದು ಮೋಹ ಏಕೆ ಎಂದು ತನ್ನ ಟಿಪ್ಪಣಿಗಳಲ್ಲಿ ಗೇಲಿ ಮಾಡಿದ. ಇಂಥ ಮಾತು ಹಿಡಿಸುವುದು ಗುಂಪಿನಲ್ಲಿ ಮಾತ್ರ ಯೋಚಿಸಬಲ್ಲ, ಶಿಸ್ತಿಗೆ ಒಗ್ಗಿದ ಮನಸ್ಸುಗಳಿಗೆ ಎಂದ. ಆ ಟೀಕೆಯನ್ನು ಸ್ವಲ್ಪ ನೆನಪಿನಲ್ಲಿಡಿ.

ಹತ್ತೊಂಬತ್ತನೆಯ ಶತಮಾನದ ಕಥೆಯನ್ನು ನಾನು ಓಡಿಸಿಕೊಂಡು ಹೋಗುತ್ತೇನೆ, ನಿಮ್ಮಲ್ಲಿ ಹಲವರಿಗೆ ಅದು ಗೊತ್ತಿರುವುದೇ. ಪ್ಯಾರಿಸ್ಸಿನಲ್ಲಿ ಸಲೋನ್ ಎಂಬ ಸರ್ಕಾರಿ ಪ್ರದರ್ಶನವಿತ್ತು. ಅದರ ತೀರ್ಪುಗಾರರು ಒಪ್ಪಿದರೆ ಹೊಟ್ಟೆಪಾಡು, ಇಲ್ಲದಿದ್ದರೆ ಇಲ್ಲ. 1855ರಲ್ಲಿ ಚಿತ್ರಕಾರ ಕೂರ್ಬೆ ತನ್ನ ದೊಡ್ಡ ಚಿತ್ರವನ್ನು ತಳ್ಳಿಹಾಕಿದರೆಂದು ತಾನೇ ಒಂದು ಚಪ್ಪರ ಎಬ್ಬಿಸಿ, ಬಾಗಿಲಿಗೆ ‘ವಾಸ್ತವವಾದ’ ಎಂದು ಫಲಕ ಹಾಕಿ ತೋರಿಸಿದ. 1863ರಲ್ಲಿ ತಿರಸ್ಕೃತವಾದ ಕೃತಿಗಳ ಗಲಾಟೆ ಎಷ್ಟಾಯಿತೆಂದರೆ ಮೂರನೆಯ ನೆಪೋಲಿಯನ್ನೇ ತಿರಸ್ಕೃತರಿಗೆ ಬೇರೆ ಪ್ರದರ್ಶನ ನಡೆಸಿ ಎಂದು ಹೇಳಬೇಕಾಯಿತು. ಮಾನೆಯ ಹುಲ್ಲಿನ ಮೇಲಿನ ಊಟದ ಚಿತ್ರಕ್ಕೆ ಜನ ನಕ್ಕದ್ದು ಅಲ್ಲೇ. 1874ರಲ್ಲಿ ಮೋನೆ, ದೆಗಾ, ಪಿಸ್ಸಾರೊ ಮುಂತಾದವರು ಛಾಯಾಗ್ರಾಹಕ ನಾದಾರ್‌ನ ಹಳೆಯ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ಮಾಡಿದರು. ‘ಇಂಪ್ರೆಷನಿಸ್ಟ್’ ಎಂಬುದು ಅವರನ್ನು ಹಂಗಿಸಿದ ಪತ್ರಕರ್ತ ಅಂಟಿಸಿದ ಹೆಸರು, ಬೈಗುಳವೇ ಬಿರುದಾಯಿತು.

ಇಲ್ಲಿ ಒಂದು ಸಣ್ಣ ವಿಷಯ. ಬಂಡಾಯ ಬರೀ ಎದೆಗಾರಿಕೆಯಿಂದ ಹುಟ್ಟುವುದಿಲ್ಲ, ಸಲಕರಣೆಯೂ ಬೇಕು. 1839ರಲ್ಲಿ ಛಾಯಾಗ್ರಹಣ ಜಗತ್ತಿನ ಮುಂದೆ ಬಂತು, ಇದ್ದದ್ದನ್ನು ಇದ್ದ ಹಾಗೆ ಹಿಡಿಯುವ ಕೆಲಸ ಚಿತ್ರಕಾರನ ಕೈತಪ್ಪತೊಡಗಿತು. 1841ರಲ್ಲಿ ಜಾನ್ ಗಾಫ್ ರಾಂಡ್ ಎಂಬ ಚಿತ್ರಕಾರ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಟ್ಟುಕೊಳ್ಳಬೇಕಿತ್ತು. ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಹೊಳೆಯ ದಂಡೆಗೆ ಹೋಗಬಹುದು ಎಂದಾದ ಮೇಲೆ ಹೊಳೆಯ ದಂಡೆಯ ಬೆಳಕು ಚಿತ್ರಕ್ಕೆ ಬಂತು.

ಈಗ ಒಂದು ಗೊಂದಲ ಬಿಡಿಸಬೇಕು. ಅವಾಂಗಾರ್ಡ್ ಅನ್ನು ಕನ್ನಡದಲ್ಲಿ ಅನೇಕರು ‘ನವ್ಯ’ ಎಂದುಬಿಡುತ್ತಾರೆ. ಅಳಿಯ ಅಲ್ಲ ಮಗಳ ಗಂಡ ಎನ್ನುವ ಹಾಗೆ ಎರಡೂ ಒಂದೇ ಎನಿಸುವುದು ಸಹಜ. ಆದರೆ ಒಂದಲ್ಲ. 1908ರಲ್ಲಿ ಫ್ರೆಂಚ್ ಚಿತ್ರಕಾರ ಮತೀಸ್ ಒಂದು ಲೇಖನ ಬರೆದ. ದುಡಿದು ದಣಿದ ಮನಸ್ಸಿಗೆ ಒಳ್ಳೆಯ ಆರಾಮಕುರ್ಚಿಯಂತೆ ಇರುವ ಕಲೆ ತನ್ನ ಕನಸು ಎಂದ. ಮರುವರ್ಷ, 1909ರ ಫೆಬ್ರವರಿ 20ರಂದು, ಪ್ಯಾರಿಸ್ಸಿನ ಪತ್ರಿಕೆಯೊಂದರ ಮುಖಪುಟದಲ್ಲಿ ಇಟಲಿಯ ಕವಿ ಮರಿನೆಟ್ಟಿಯ ಪ್ರಣಾಳಿಕೆ ಅಚ್ಚಾಯಿತು. ಮ್ಯೂಸಿಯಂಗಳು ಸ್ಮಶಾನಗಳು, ಅವುಗಳನ್ನು ಕೆಡವಿ ಎಂದಿತು ಅದು. ಮತೀಸ್‌ನ ಬಣ್ಣಗಳು ಮರಿನೆಟ್ಟಿಯ ಬಳಗದವರ ಬಣ್ಣಗಳಿಗಿಂತ ಹೆಚ್ಚು ಧೈರ್ಯದವು, ನನ್ನನ್ನು ಕೇಳಿದರೆ ಹೆಚ್ಚು ಒಳ್ಳೆಯವು ಕೂಡ. ಆದರೆ ಮತೀಸ್‌ಗೆ ಚಿತ್ರ ಬೇಕು, ಅದನ್ನು ನೇತುಹಾಕುವ ಗೋಡೆಯೂ ಬೇಕು. ಅವಾಂಗಾರ್ಡ್‌ನ ಕೋಪ ಗೋಡೆಯ ಮೇಲೆ. ಜರ್ಮನ್ ವಿಮರ್ಶಕ ಪೀಟರ್ ಬ್ಯುರ್ಗರ್ 1974ರಲ್ಲಿ ಈ ವ್ಯತ್ಯಾಸವನ್ನು ಖಚಿತವಾಗಿ ಗುರುತಿಸಿದ: ಹಿಂದಿನ ಶೈಲಿಯನ್ನು ಟೀಕಿಸುವುದು ಬೇರೆ, ಕಲೆ ಎಂಬ ಸಂಸ್ಥೆಯನ್ನೇ ಪ್ರಶ್ನಿಸುವುದು ಬೇರೆ. ಅವನ ಉಳಿದ ವಾದಗಳ ಬಗ್ಗೆ ನನಗೆ ತಕರಾರುಗಳಿವೆ, ಆದರೆ ಈ ಗೆರೆ ಎಳೆದದ್ದಕ್ಕೆ ಋಣಿ.

ಮರಿನೆಟ್ಟಿಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಅವಾಂಗಾರ್ಡ್ ಎಂದರೆ ಒಳ್ಳೆಯವರ ಗುಂಪು, ಶೋಷಿತರ ಪರ ಎಂದು ಭಾವಿಸುವವರು ಆ ಪ್ರಣಾಳಿಕೆಯನ್ನು ಒಮ್ಮೆ ಪೂರ್ತಿ ಓದಬೇಕು. ವೇಗದ, ಯಂತ್ರದ ಹೊಗಳಿಕೆಯ ಜೊತೆಗೆ ಯುದ್ಧವೇ ಜಗತ್ತಿನ ನೈರ್ಮಲ್ಯ ಎಂಬ ಮಾತೂ ಇದೆ, ಹೆಣ್ಣಿನ ಮೇಲೆ ತಿರಸ್ಕಾರವೂ ಇದೆ. ಯುದ್ಧ ಬಂತು. ವೇಗವನ್ನೇ ಚಿತ್ರಿಸುತ್ತಿದ್ದ, ಅದನ್ನೇ ಶಿಲ್ಪವಾಗಿಸಿದ್ದ ಬೊಚ್ಚೋನಿ 1916ರಲ್ಲಿ ಸತ್ತ, ಯಂತ್ರದ ಅಡಿ ಸಿಕ್ಕಿ ಅಲ್ಲ, ತಾಲೀಮಿನಲ್ಲಿ ಕುದುರೆಯಿಂದ ಬಿದ್ದು. ಭವಿಷ್ಯದ ನಗರಗಳ ನಕ್ಷೆ ಬರೆದಿದ್ದ ಸಾಂತ್ ಎಲಿಯಾ ಅದೇ ವರ್ಷ ರಣರಂಗದಲ್ಲಿ ಹೋದ. ನಲವತ್ತು ತುಂಬಿದಾಗ ನಮ್ಮನ್ನು ಕಸದ ಬುಟ್ಟಿಗೆ ಎಸೆಯಲಿ ಎಂದು ಬರೆದಿದ್ದ ಮರಿನೆಟ್ಟಿ ಐವತ್ತು ದಾಟಿದ ಮೇಲೆ, 1929ರಲ್ಲಿ, ಮುಸೊಲಿನಿ ಸ್ಥಾಪಿಸಿದ ರಾಜ ಅಕಾಡೆಮಿಯ ಸದಸ್ಯನಾಗಿ ಕೂತ. ಬೋದಿಲೇರ್ ಶಿಸ್ತಿನ ಮನಸ್ಸು ಎಂದದ್ದು ನೆನಪಾಗುತ್ತದೆ.

ಆ ಯುದ್ಧದಿಂದ ತಪ್ಪಿಸಿಕೊಂಡು ಜ್ಯೂರಿಕ್ ಸೇರಿದವರ ಅವಾಂಗಾರ್ಡ್ ಬೇರೆ. 1916ರ ಫೆಬ್ರವರಿಯಲ್ಲಿ ಹ್ಯೂಗೋ ಬಾಲ್ ಮತ್ತು ಎಮ್ಮಿ ಹೆನ್ನಿಂಗ್ಸ್ ಅಲ್ಲಿನ ಷ್ಪೀಗೆಲ್‌ಗಾಸ್ಸೆ ಎಂಬ ಇಕ್ಕಟ್ಟಿನ ಬೀದಿಯಲ್ಲಿ ಕ್ಯಾಬರೆ ವೋಲ್ತೇರ್ ತೆರೆದರು. ದಾದಾ ಎಂಬ ಚಳವಳಿ ಹುಟ್ಟಿದ್ದು ಅಲ್ಲೇ. ಅದೇ ಬೀದಿಯಲ್ಲಿ ಕೆಲವೇ ಮನೆಗಳಾಚೆ ಲೆನಿನ್ ಬಾಡಿಗೆಗೆ ಇದ್ದ. ಒಂದೇ ಬೀದಿಯಲ್ಲಿ ಎರಡು ಮುಂಚೂಣಿಗಳು, ಒಂದಕ್ಕೆ ಎಲ್ಲಿಗೆ ಹೋಗಬೇಕೆಂದು ಖಚಿತವಾಗಿ ಗೊತ್ತು, ಇನ್ನೊಂದಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಬಾಲ್ ರಟ್ಟಿನ ಕೊಳವೆಗಳನ್ನು ಮೈಗೆ ಸುತ್ತಿಕೊಂಡು, ನಡೆಯಲಾಗದೆ, ಬೆಳಕು ಆರಿಸಿ ವೇದಿಕೆಗೆ ಹೊತ್ತುಕೊಂಡು ಬರಿಸಿಕೊಂಡು, ಯಾವ ಭಾಷೆಯದೂ ಅಲ್ಲದ ಶಬ್ದಗಳಲ್ಲಿ ಕವಿತೆ ಓದಿದ. ಹುಚ್ಚಾಟ ಅನ್ನಿಸಬಹುದು. ಆದರೆ ಆ ಹೊತ್ತಿನಲ್ಲಿ ಅರ್ಥವುಳ್ಳ ಭಾಷೆ ಏನು ಮಾಡುತ್ತಿತ್ತು ಎಂದು ಯೋಚಿಸಿ. ಒಳ್ಳೆಯ ವ್ಯಾಕರಣದಲ್ಲಿ, ಘನವಾದ ಮಾತಿನಲ್ಲಿ, ಹುಡುಗರನ್ನು ವೆರ್ದುನ್‌ನ ಕಂದಕಗಳಿಗೆ ಕಳಿಸುತ್ತಿತ್ತು. ಅಂಥ ಭಾಷೆಯನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದವನನ್ನು ನಾನು ಹುಚ್ಚ ಎನ್ನಲಾರೆ.

ಈಗ ಆ ಮೂತ್ರದ ಬೋಗುಣಿ. ನಾನು ಹೇಳದಿದ್ದರೆ ನೀವು ಕೇಳಿಯೇ ಕೇಳುತ್ತೀರಿ. 1917ರ ಏಪ್ರಿಲ್, ನ್ಯೂಯಾರ್ಕ್. ಸ್ವತಂತ್ರ ಕಲಾವಿದರ ಸಂಘವೊಂದು ಪ್ರದರ್ಶನ ಏರ್ಪಡಿಸಿತು. ತೀರ್ಪುಗಾರರಿಲ್ಲ, ಬಹುಮಾನವಿಲ್ಲ, ಆರು ಡಾಲರ್ ಕಟ್ಟಿದ ಯಾರ ಕೃತಿಯನ್ನಾದರೂ ಇಡುತ್ತೇವೆ ಎಂದಿತ್ತು. ಪ್ಯಾರಿಸ್ ಸಲೋನಿನ ವಿರುದ್ಧ ಇಷ್ಟು ವರ್ಷ ನಡೆದ ಜಗಳದಲ್ಲಿ ಗೆದ್ದೆವು ಎನ್ನುವ ಉತ್ಸಾಹ. ಆಗ ‘ಆರ್. ಮಟ್’ ಎಂಬ ಹೆಸರಿನಲ್ಲಿ ಆರು ಡಾಲರ್ ಜೊತೆ ಒಂದು ಪಿಂಗಾಣಿ ಮೂತ್ರಪಾತ್ರೆ ಬಂತು, ಮಲಗಿಸಿದ ಸ್ಥಿತಿಯಲ್ಲಿ, ‘ಚಿಲುಮೆ’ ಎಂಬ ಶೀರ್ಷಿಕೆಯೊಂದಿಗೆ. ಕಳಿಸಿದವನು ಸಂಘದ ನಿರ್ದೇಶಕರಲ್ಲೇ ಒಬ್ಬನಾದ ಮಾರ್ಸೆಲ್ ದ್ಯುಶಾಂ. ಹೊರಗೆ ತೀರ್ಪುಗಾರರಿರಲಿಲ್ಲ, ಆದರೆ ಪ್ರತಿಯೊಬ್ಬರ ತಲೆಯೊಳಗೆ ಒಬ್ಬ ತೀರ್ಪುಗಾರ ಕೂತಿದ್ದ. ಪಾತ್ರೆ ಪ್ರದರ್ಶನಕ್ಕೆ ಬರಲೇ ಇಲ್ಲ. ದ್ಯುಶಾಂ ರಾಜೀನಾಮೆ ಕೊಟ್ಟ.

ಇದರಲ್ಲಿ ಸೌಂದರ್ಯ ಹುಡುಕುವವರಿದ್ದಾರೆ, ಬುದ್ಧನ ಆಕೃತಿ ಕಂಡವರೂ ಇದ್ದಾರೆ. ನನಗೆ ಅದು ಬೇಡ. ಆ ಪಾತ್ರೆ ಒಂದು ಪರೀಕ್ಷಾ ಪ್ರಶ್ನೆ, ಪರೀಕ್ಷೆಗೆ ಕೂತವರು ಸಂಘದವರು, ಅವರು ಫೇಲಾದರು. ಕೃತಿ ಪೂರ್ತಿಯಾದದ್ದು ಅಲ್ಲಿ. ಇನ್ನೊಂದು ವಿಷಯ: ತನ್ನ ಸ್ನೇಹಿತೆಯೊಬ್ಬಳು ಗಂಡಸಿನ ಹೆಸರಿನಲ್ಲಿ ಅದನ್ನು ಕಳಿಸಿದಳೆಂದು ದ್ಯುಶಾಂ ಅದೇ ತಿಂಗಳು ತನ್ನ ತಂಗಿಗೆ ಬರೆದ ಕಾಗದವಿದೆ. ಅದರ ಆಧಾರದ ಮೇಲೆ ಇದು ಬ್ಯಾರನೆಸ್ ಎಲ್ಸಾ ಫಾನ್ ಫ್ರೈಟಾಗ್ ಲೋರಿಂಗ್‌ಹೋವನ್ ಅವಳ ಕೆಲಸ ಎಂದು ಕೆಲವರು ವಾದಿಸುತ್ತಾರೆ, ಬಹಳ ಜನ ಒಪ್ಪುವುದಿಲ್ಲ. ಕರ್ತೃ ಯಾರು ಎಂಬುದನ್ನೇ ಗೇಲಿ ಮಾಡಿದ ಕೃತಿಗೆ ಕರ್ತೃ ಯಾರು ಎಂದು ವಿದ್ವಾಂಸರು ನೂರು ವರ್ಷದ ಮೇಲೂ ಕಾದಾಡುತ್ತಿದ್ದಾರೆ.

ಆಮೇಲಿನ ಕಥೆ ಇನ್ನೂ ಸೊಗಸು. ಮೂಲ ಪಾತ್ರೆ ಕಳೆದೇಹೋಯಿತು, ಉಳಿದದ್ದು ಛಾಯಾಗ್ರಾಹಕ ಸ್ಟೀಗ್ಲಿಟ್ಜ್ ತೆಗೆದ ಒಂದು ಫೋಟೋ. 1964ರಲ್ಲಿ ದ್ಯುಶಾಂನ ಒಪ್ಪಿಗೆಯೊಂದಿಗೆ ಮಿಲಾನಿನ ಗ್ಯಾಲರಿಯೊಂದು ಎಂಟು ಪ್ರತಿಗಳನ್ನು ಮಾಡಿಸಿತು. ಅಷ್ಟು ಹೊತ್ತಿಗೆ ಆ ನಮೂನೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಫೋಟೋ ನೋಡಿಕೊಂಡು ಕುಶಲಕರ್ಮಿಗಳಿಂದ ಮಣ್ಣಿನಲ್ಲಿ ಮಾಡಿಸಿದರು. ಕೈಕೆಲಸದ ಮಹಿಮೆಯನ್ನು ಅಣಕಿಸಲು ಕಾರ್ಖಾನೆಯ ಸರಕನ್ನು ತಂದಿಟ್ಟ ಕೃತಿ ಕೊನೆಗೆ ಕೈಕೆಲಸವಾಗಿ ಮ್ಯೂಸಿಯಂ ಸೇರಿತು. ಪಿಯೆರ್ ಪಿನೊನ್ಸೆಲ್ಲಿ ಎಂಬ ಫ್ರೆಂಚ್ ಕಲಾವಿದ 1993ರಲ್ಲಿ ಅಂಥ ಒಂದು ಪ್ರತಿಯನ್ನು ಅದರ ಮೂಲ ಉದ್ದೇಶಕ್ಕೆ ಬಳಸಿ ಸುತ್ತಿಗೆಯಿಂದ ಹೊಡೆದ, 2006ರಲ್ಲಿ ಮತ್ತೆ ಹೊಡೆದ. ದಾದಾ ಪರಂಪರೆಯನ್ನೇ ಮುಂದುವರಿಸಿದ್ದೇನೆ ಎಂಬುದು ಅವನ ವಾದ. ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಬ್ರಾಂಕೂಸಿಯ ಕಾಲದಲ್ಲಿ ಕಾನೂನಿಗೆ ಇದು ಕಲೆ ಎಂದು ಮನವರಿಕೆ ಮಾಡಿಕೊಡಬೇಕಿತ್ತು. ಈಗ ಕಾನೂನೇ ಲಾಠಿ ಹಿಡಿದು ಮೂತ್ರಪಾತ್ರೆಯ ಕಾವಲಿಗೆ ನಿಂತಿದೆ.

ರಷ್ಯಾಕ್ಕೆ ಬರೋಣ, ಅಲ್ಲಿ ನಡೆದದ್ದು ನಗುವ ಕಥೆಯಲ್ಲ. 1825ರ ಆ ಸಂವಾದದ ಕಲಾವಿದನಿಗೆ ನಿಜವಾಗಿಯೂ ಒಂದು ಹೊಸ ಸಮಾಜ ಸಿಕ್ಕಿದ್ದು ಅಲ್ಲಿ ಮಾತ್ರ, ಅದೂ ಕೆಲವು ವರ್ಷ. ಕ್ರಾಂತಿಯ ನಂತರ ತಾತ್ಲಿನ್ ಎಂಬ ಕಲಾವಿದ ಒಂದು ಗೋಪುರದ ಮಾದರಿ ಮಾಡಿದ. 400 ಮೀಟರ್ ಎತ್ತರ, ಓರೆಯಾಗಿ ಮೇಲೇರುವ ಕಬ್ಬಿಣದ ಸುರುಳಿ, ಒಳಗೆ ತಿರುಗುವ ಕೋಣೆಗಳು: ಒಂದು ವರ್ಷಕ್ಕೊಂದು ಸುತ್ತು, ಒಂದು ತಿಂಗಳಿಗೊಂದು, ಒಂದು ದಿನಕ್ಕೊಂದು. ಕಬ್ಬಿಣಕ್ಕೇ ಬರವಿದ್ದ ದೇಶದಲ್ಲಿ ಅದು ಮರದ ಮಾದರಿಯಾಗಿಯೇ ಉಳಿಯಿತು. 1921ರಲ್ಲಿ ರೊದ್ಚೆಂಕೊ ಕೆಂಪು, ಹಳದಿ, ನೀಲಿ ಎಂದು ಮೂರು ಕ್ಯಾನ್ವಾಸುಗಳನ್ನು ಒಂದೊಂದೇ ಬಣ್ಣದಿಂದ ತುಂಬಿಸಿ, ಇಲ್ಲಿಗೆ ಚಿತ್ರಕಲೆ ಮುಗಿಯಿತು ಎಂದ. ಮುಗಿಸಿ ಏನು ಮಾಡಿದ? ಪೋಸ್ಟರ್, ಪುಸ್ತಕದ ಮುಖಪುಟ, ಫೋಟೋ, ಕಾರ್ಮಿಕರ ಕ್ಲಬ್ಬಿಗೆ ಪೀಠೋಪಕರಣ. ಅವನ ಹೆಂಡತಿ ವರ್ವಾರಾ ಸ್ತೆಪಾನೊವಾ ಮತ್ತು ಲ್ಯುಬೊವ್ ಪೊಪೊವಾ ಬಟ್ಟೆ ಗಿರಣಿಗೆ ಹೋಗಿ ಚೀಟಿ ಬಟ್ಟೆಯ ವಿನ್ಯಾಸ ಬರೆದರು. ಕಲೆ ಬದುಕಿನೊಳಗೆ ಕರಗಬೇಕು ಎಂಬ ಮಾತನ್ನು ಇಡೀ ಚಳವಳಿಯಲ್ಲಿ ಅಕ್ಷರಶಃ ನಡೆಸಿದವರು ಇವರು. ನನ್ನ ಗೌರವ ಪ್ರಣಾಳಿಕೆ ಬರೆದವರಿಗಿಂತ ಗಿರಣಿಗೆ ಹೋದವರ ಮೇಲೆ ಜಾಸ್ತಿ.

1932ರಲ್ಲಿ ಕಮ್ಯುನಿಸ್ಟ್ ಪಕ್ಷ ಒಂದು ನಿರ್ಣಯ ಹೊರಡಿಸಿ ಎಲ್ಲ ಕಲಾ ಗುಂಪುಗಳನ್ನೂ ವಿಸರ್ಜಿಸಿತು. ಎರಡು ವರ್ಷದೊಳಗೆ ಸಮಾಜವಾದಿ ವಾಸ್ತವವಾದವೇ ಅಧಿಕೃತ ದಾರಿಯಾಯಿತು. ಮುಂದೆ ಎಂದರೆ ಯಾವ ಕಡೆ ಎನ್ನುವುದನ್ನು ಪಕ್ಷ ತೀರ್ಮಾನಿಸಿತು, ಮುಂಚೂಣಿಯೂ ಪಕ್ಷವೇ ಎಂದಾಯಿತು; ಒಂದು ಸೈನ್ಯಕ್ಕೆ ಎರಡು ಮುಂಚೂಣಿ ಇರುವುದಿಲ್ಲವಲ್ಲ. ಜರ್ಮನಿಯಲ್ಲಿ 1933ರಲ್ಲಿ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆ ಮುಚ್ಚಿತು. 1937ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ನಾಜಿಗಳು ‘ಅಧಃಪತನಗೊಂಡ ಕಲೆ’ ಎಂಬ ಪ್ರದರ್ಶನ ತೆರೆದರು. ಸುಮಾರು 650 ಕೃತಿಗಳನ್ನು ಒತ್ತೊತ್ತಾಗಿ, ಸೊಟ್ಟಗೆ ನೇತುಹಾಕಿ, ಗೋಡೆಯ ಮೇಲೆ ಹಂಗಿಸುವ ಬರಹ ಬರೆದಿದ್ದರು. ಒಂದು ದಿನ ಮುಂಚೆ, ಅಲ್ಲೇ ಹತ್ತಿರದಲ್ಲಿ, ಹಿಟ್ಲರನ ಮೆಚ್ಚುಗೆಯ ಕಲೆಯ ಭವ್ಯ ಪ್ರದರ್ಶನ ತೆರೆದಿತ್ತು. ಹಂಗಿಸುವ ಪ್ರದರ್ಶನಕ್ಕೆ ಮ್ಯೂನಿಕ್ ಒಂದರಲ್ಲೇ ಇಪ್ಪತ್ತು ಲಕ್ಷ ಜನ ಬಂದರು, ಭವ್ಯವಾದದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ. ಬಂದವರಲ್ಲಿ ಎಷ್ಟು ಜನ ಉಗಿಯಲು ಬಂದರು, ಎಷ್ಟು ಜನ ಕಣ್ತುಂಬಿಕೊಳ್ಳಲು ಬಂದರು ಎಂದು ಯಾರೂ ಎಣಿಸಿಟ್ಟಿಲ್ಲ. ಒಂದು ಕಡೆ ಇದನ್ನು ಯಹೂದಿ ಬೊಲ್ಷೆವಿಕ್ ಕೊಳಕು ಎಂದರು, ಇನ್ನೊಂದು ಕಡೆ ಬೂರ್ಜ್ವಾ ರೂಪವಾದ ಎಂದರು. ಒಂದೇ ಬಗೆಯ ಚಿತ್ರ, ತದ್ವಿರುದ್ಧ ಬೈಗುಳ.

ಹಾಗಾದರೆ ಪ್ರಭಾವ ಎಲ್ಲಿ? ಮ್ಯೂಸಿಯಂನಲ್ಲಿ ಹುಡುಕಬೇಡಿ. ನೀವು ಈಗ ಕೂತಿರುವ ಕುರ್ಚಿಯ ಕಾಲು ಬಗ್ಗಿಸಿದ ಉಕ್ಕಿನ ಕೊಳವೆಯದಾಗಿದ್ದರೆ ಅದರ ಮೂಲಪುರುಷರಲ್ಲಿ ಒಬ್ಬ ಮಾರ್ಸೆಲ್ ಬ್ರಾಯರ್. 1925ರಲ್ಲಿ ಬೌಹೌಸ್‌ನಲ್ಲಿದ್ದಾಗ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ ಅವನಿಗೆ ಅದು ಹೊಳೆಯಿತು. ಕಟ್ಟೆ, ಕಪಾಟು, ಒಲೆ ಎಲ್ಲವನ್ನೂ ಹೆಜ್ಜೆ ಎಣಿಸಿ ಜೋಡಿಸಿದ ಅಡುಗೆಮನೆ 1926ರಲ್ಲಿ ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ ಫ್ರಾಂಕ್‌ಫರ್ಟ್‌ನ ಕಾರ್ಮಿಕ ವಸತಿಗಳಿಗೆಂದು ರೂಪಿಸಿದ್ದು. ಕೊಂಬು ಬಳ್ಳಿಗಳಿಲ್ಲದ ಅಕ್ಷರ, ಪುಟದಲ್ಲಿ ಬಿಟ್ಟ ಖಾಲಿ ಜಾಗ, ಓರೆಯಾಗಿ ಓಡುವ ತಲೆಬರಹ, ಇವು ರಷ್ಯಾದ ಲಿಸಿಟ್ಸ್ಕಿ ಮತ್ತು ಜರ್ಮನಿಯ ಚಿಕೋಲ್ಡ್ ಎಂಬ ವಿನ್ಯಾಸಕಾರರಿಂದ ಬಂದ ಆಸ್ತಿ. ಐಸೆನ್‌ಸ್ಟೈನ್, ವೆರ್ತೊವ್ ಎಂಬ ರಷ್ಯನ್ ಸಿನಿಮಾ ನಿರ್ದೇಶಕರು ಕಂಡುಕೊಂಡ ಕತ್ತರಿ ಪ್ರಯೋಗಗಳು ಇಲ್ಲದಿದ್ದರೆ ಇವತ್ತಿನ ಮೂವತ್ತು ಸೆಕೆಂಡಿನ ಜಾಹೀರಾತು ಇಲ್ಲ. ಬರ್ಲಿನ್ನಿನ ಹಾನಾ ಹ್ಯೋಕ್ 1919ರ ಹೊತ್ತಿಗೆ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ರಾಜಕಾರಣಿಯ ತಲೆಯನ್ನು ನರ್ತಕಿಯ ಮೈಗೆ ಅಂಟಿಸುತ್ತಿದ್ದಳು. ಅದನ್ನೇ ಇವತ್ತು ಫೋನಿನಲ್ಲಿ ಮಾಡಿ ಹಂಚುವ ಹುಡುಗರಿಗೆ ಅವಳ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಲೆ ಬದುಕಿನೊಳಗೆ ಕರಗಿತು, ನಿಜ. ಆದರೆ ಮುಂಬಾಗಿಲಿನಿಂದ ಕ್ರಾಂತಿಯ ಜೊತೆ ಬರುತ್ತೇನೆ ಎಂದದ್ದು ಹಿತ್ತಿಲ ಬಾಗಿಲಿನಿಂದ ವ್ಯಾಪಾರದ ಜೊತೆ ಬಂತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ, ದಾದಾದವರು ಕಟ್ಟಿದ್ದರಲ್ಲಿ ಜಾಹೀರಾತಿನವರು ವಾಸವಾಗಿದ್ದಾರೆ.

ಒಂದು ಪ್ರಭಾವ ಮಾತ್ರ ಹುಟ್ಟಿದ ಮನೆಗೇ ಹಿಂತಿರುಗಿತು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಮರೆಮಾಚುವಿಕೆಗೆಂದೇ ಒಂದು ವಿಭಾಗ ತೆರೆದು ಚಿತ್ರಕಾರರನ್ನು ಸೇರಿಸಿಕೊಂಡಿತು. ಬಣ್ಣದ ತೇಪೆಗಳಿಂದ ಆಕಾರವೇ ಒಡೆದುಹೋದ ಫಿರಂಗಿಯೊಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಹೋಗುವುದನ್ನು ಕಂಡು ಪಿಕಾಸೊ, ಇದನ್ನು ಮಾಡಿದ್ದು ನಾವು ಎಂದನೆಂದು ಗರ್ಟ್ರೂಡ್ ಸ್ಟೈನ್ ಬರೆದಿದ್ದಾಳೆ. ಸೈನ್ಯದಿಂದ ಕಡ ತಂದ ಪದಕ್ಕೆ ಬಡ್ಡಿ ಸಮೇತ ಸಲ್ಲಿಕೆಯಾಯಿತು.

ಮುಂದೆ ಎಂದರೆ ಯಾವ ಕಡೆ ಎಂದು ಆಗ ಬಾಕಿ ಇಟ್ಟಿದ್ದೆ. 1907ರಲ್ಲಿ ಪಿಕಾಸೊ ಪ್ಯಾರಿಸ್ಸಿನ ಟ್ರೊಕಾಡೆರೊ ಸಂಗ್ರಹಾಲಯದಲ್ಲಿ ಆಫ್ರಿಕಾದ ಮುಖವಾಡಗಳನ್ನು ಕಂಡು ಬೆಚ್ಚಿದ. ಅವನ ಐವರು ಹೆಂಗಸರ ಆ ಪ್ರಸಿದ್ಧ ಚಿತ್ರದಲ್ಲಿ ಇಬ್ಬರ ಮುಖದ ಮೇಲೆ ಅದರ ಗುರುತಿದೆ ಎನ್ನುತ್ತಾರೆ. ಆ ಮುಖವಾಡ ಕೆತ್ತಿದವನು ‘ಹಿಂದುಳಿದವನು’, ಅದನ್ನು ನೋಡಿ ಬರೆದವನು ‘ಮುಂಚೂಣಿ’. ಒಂದೇ ರೂಪ ಒಂದು ಕೋಣೆಯಲ್ಲಿ ಭೂತಕಾಲ, ಇನ್ನೊಂದರಲ್ಲಿ ಭವಿಷ್ಯ. ಮುಂದೆ ಹಿಂದೆ ಎಂಬುದನ್ನು ಅಳೆಯುವ ಕೋಲು ಯಾರ ಕೈಯಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಇದಕ್ಕೆ ನಾನು ಕಂಡ ಅತ್ಯಂತ ತುಂಟ ಉತ್ತರ ಬ್ರೆಜಿಲ್‌ನದು. 1928ರಲ್ಲಿ ಕವಿ ಓಸ್ವಾಲ್ಡ್ ದೆ ಆಂದ್ರಾದೆ ನರಭಕ್ಷಕ ಪ್ರಣಾಳಿಕೆ ಬರೆದ. ನಮ್ಮನ್ನು ನರಭಕ್ಷಕರು ಎಂದಿರಲ್ಲವೇ, ಸರಿ, ನಿಮ್ಮನ್ನೇ ತಿಂದು ಜೀರ್ಣಿಸಿಕೊಂಡು ನಮ್ಮದನ್ನು ಮಾಡುತ್ತೇವೆ ಎಂಬುದು ಅದರ ಸಾರ. ಅದಕ್ಕೆ ಪ್ರೇರಣೆ ಕೊಟ್ಟದ್ದು ತಾರ್ಸಿಲಾ ದೊ ಅಮರಾಲ್ ಬರೆದ, ಪಾದ ದೊಡ್ಡದಾಗಿ ತಲೆ ಚಿಕ್ಕದಾಗಿ ಕೂತ ಮನುಷ್ಯನ ಚಿತ್ರ. 1922ರ ಕೊನೆಗೆ ಕಲ್ಕತ್ತೆಯಲ್ಲೂ ಕ್ಲೀ, ಕಾಂಡಿನ್‌ಸ್ಕಿ ಮೊದಲಾದ ಬೌಹೌಸ್ ಕಲಾವಿದರ ಕೃತಿಗಳು ಬಂದವು, ಅಲ್ಲಿಯದೇ ಕಲಾವಿದರ ಕೃತಿಗಳ ಜೊತೆ ಒಂದೇ ಪ್ರದರ್ಶನದಲ್ಲಿ ನೇತಾಡಿದವು. ಗುರು ಶಿಷ್ಯ ಎಂಬ ಸಾಲು ಅಲ್ಲಿರಲಿಲ್ಲ, ಅಕ್ಕಪಕ್ಕ ಇತ್ತು.

ಇನ್ನೊಬ್ಬಳಿದ್ದಾಳೆ, ಅವಳನ್ನು ಎಲ್ಲಿ ಕೂರಿಸಬೇಕೋ ನನಗೆ ಇನ್ನೂ ಬಗೆಹರಿದಿಲ್ಲ. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ ಬರೆಯತೊಡಗಿದಳು, ಕಾಂಡಿನ್‌ಸ್ಕಿಗಿಂತ ಮೊದಲು. 1944ರಲ್ಲಿ ತೀರಿಕೊಂಡಳು; ತಾನು ಸತ್ತು ಇಪ್ಪತ್ತು ವರ್ಷ ಆಗುವವರೆಗೆ ತೋರಿಸಬೇಡಿ ಎಂದಿದ್ದಳು. ಜಗತ್ತು ಕಣ್ಣೆತ್ತಿ ನೋಡಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಎಲ್ಲರಿಗಿಂತ ಮುಂದೆ ಹೋದಳು, ಆದರೆ ಹಿಂದೆ ಸೈನ್ಯವೇ ಇರಲಿಲ್ಲ. ಸೈನ್ಯವಿಲ್ಲದ ಮುಂಚೂಣಿಗೆ ಮುಂಚೂಣಿ ಎನ್ನಬಹುದೇ? ಪ್ರಣಾಳಿಕೆ, ಗಲಾಟೆ ಯಾವುದೂ ಇಲ್ಲದೆ ಬರೆದದ್ದನ್ನು ನಮ್ಮ ಪದ ಹಿಡಿಯುವುದಿಲ್ಲ. ಪದದ ದೋಷ ಅದು, ಅವಳದಲ್ಲ.

ಇವತ್ತು ಅವಾಂಗಾರ್ಡ್ ಇದೆಯೇ ಎಂದು ಕೇಳುತ್ತಾರೆ. 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ ಬೀದಿ ಗೋಡೆಗಳ ಚಿತ್ರಕಾರ ಬ್ಯಾಂಕ್ಸಿಯ ಚಿತ್ರವೊಂದು ಹತ್ತು ಲಕ್ಷ ಪೌಂಡಿಗೂ ಮೇಲೆ ಹೋಯಿತು. ಸುತ್ತಿಗೆ ಬಿದ್ದ ಕ್ಷಣವೇ ಚೌಕಟ್ಟಿನೊಳಗೆ ಅಡಗಿಸಿಟ್ಟಿದ್ದ ಯಂತ್ರ ಅದನ್ನು ಅರ್ಧ ಚೂರು ಮಾಡಿತು. ಕೊಂಡವರು ಹಿಂದಿರುಗಿಸಲಿಲ್ಲ. 2021ರಲ್ಲಿ ಅದೇ ಅರ್ಧ ಹರಿದ ಚಿತ್ರ ಒಂದು ಕೋಟಿ ಎಂಬತ್ತೈದು ಲಕ್ಷ ಪೌಂಡಿಗೆ ಮಾರಾಟವಾಯಿತು. ಮಾರುಕಟ್ಟೆಗೆ ಹೊಡೆದ ಏಟು ಮಾರುಕಟ್ಟೆಯ ಮೈಗೆ ಎಣ್ಣೆ ತಿಕ್ಕಿದಂತಾಯಿತು. ಇದನ್ನು ಕಂಡು ಎಲ್ಲವೂ ಮುಗಿಯಿತು ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಜಗಳ ಮುಗಿದಿಲ್ಲ, ಎದುರಾಳಿ ಬದಲಾಗಿದ್ದಾನೆ. ಸಲೋನಿನ ತೀರ್ಪುಗಾರ ‘ಬೇಡ’ ಎನ್ನುತ್ತಿದ್ದ. ಈಗಿನವನು ಏನು ತಂದರೂ ‘ಬೇಕು’ ಎನ್ನುತ್ತಾನೆ. ಬೇಡ ಎನ್ನುವವನ ಜೊತೆ ಜಗಳ ಸುಲಭ.

ಕೊನೆಗೆ ರಷ್ಯಾದ ಚಿತ್ರಕಾರ ಮಾಲೆವಿಚ್‌ನ ಕಪ್ಪು ಚೌಕ. ಅದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡ್‌ನ ಪ್ರದರ್ಶನದಲ್ಲಿ ಅವನು ಅದನ್ನು ಎರಡು ಗೋಡೆ ಸೇರುವ ಮೂಲೆಯಲ್ಲಿ, ಸೂರಿನ ಹತ್ತಿರ ಇಟ್ಟ. ರಷ್ಯನ್ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಚಿತ್ರಕಲೆಯ ಸೊನ್ನೆ ಎಂದು ಅವನು ಕರೆದ: ಇಲ್ಲಿಂದ ಹಿಂದಿನದೆಲ್ಲ ಅಳಿಸಿತು.

ಹತ್ತಿರ ಹೋಗಿ ನೋಡಿದವರಿಗೆ ಗೊತ್ತು, ಅದೀಗ ಕಪ್ಪಗೂ ಉಳಿದಿಲ್ಲ, ಸರಿಯಾದ ಚೌಕವೂ ಅಲ್ಲ. ಮೇಲ್ಮೈ ತುಂಬ ಬಿರುಕು. ಬಿರುಕುಗಳ ಒಳಗಿಂದ ಬೇರೆ ಬಣ್ಣಗಳು ಇಣುಕುತ್ತವೆ. 2015ರಲ್ಲಿ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯ ತಜ್ಞರು ಎಕ್ಸ್‌ರೇ ಮುಂತಾದ ಪರೀಕ್ಷೆ ಮಾಡಿ, ಕಪ್ಪಿನ ಕೆಳಗೆ ಒಂದಲ್ಲ, ಎರಡು ಬಣ್ಣದ ಚಿತ್ರಗಳಿವೆ ಎಂದರು. ಅಂಚಿನಲ್ಲಿ ಸೀಸದಕಡ್ಡಿಯ ಒಂದು ಬರಹವನ್ನೂ ಓದಿದರು. ಅವರ ಪ್ರಕಾರ ಅದು ಕತ್ತಲ ಗುಹೆಯಲ್ಲಿ ಕಪ್ಪು ಜನರ ಕಾದಾಟ ಎಂಬ ಒಂದು ಹಳೆಯ, ಕೀಳು ಫ್ರೆಂಚ್ ಹಾಸ್ಯದ ಕಡೆ ಬೊಟ್ಟು ಮಾಡುತ್ತದೆ. ಪ್ಯಾರಿಸ್ಸಿನ ವಿನೋದಗಾರರು ಪೂರ್ತಿ ಕಪ್ಪಗಿನ ಚಿತ್ರ ತೋರಿಸಿ ಜನರನ್ನು ನಗಿಸಿದ್ದು 1880ರ ದಶಕದಲ್ಲೇ. ಆ ಅಕ್ಷರ ಮಾಲೆವಿಚ್‌ನದೇ ಎಂದು ಎಲ್ಲರೂ ಒಪ್ಪಿಲ್ಲ. ಆದರೆ ಕೆಳಗಿನ ಚಿತ್ರಗಳ ಬಗ್ಗೆ ತಕರಾರಿಲ್ಲ. ಅವನು ಹಳೆಯ ಕ್ಯಾನ್ವಾಸಿನ ಮೇಲೆ, ಕೆಳಗಿನ ಬಣ್ಣ ಪೂರ್ತಿ ಒಣಗುವ ಮೊದಲೇ ಕಪ್ಪು ಬಳಿದಿದ್ದ. ಬಿರುಕು ಬಿಟ್ಟದ್ದಕ್ಕೆ ಕಾರಣ ಅದು. 1935ರಲ್ಲಿ ಅವನು ತೀರಿಕೊಂಡಾಗ ಶವ ಸಾಗಿಸಿದ ಗಾಡಿಯ ಮುಂಭಾಗಕ್ಕೆ ಒಂದು ಕಪ್ಪು ಚೌಕ ಕಟ್ಟಿದ್ದರು. ಆ ಫೋಟೋದಲ್ಲಿ ಚೌಕ ನುಣುಪಾಗಿ, ಒಂದು ಗೀರೂ ಇಲ್ಲದೆ ಕಾಣುತ್ತದೆ. ಮೂಲದ ಬಿರುಕುಗಳಿಂದ ಇವತ್ತಿಗೂ ಬಣ್ಣ ಇಣುಕುತ್ತಿದೆ.